ಗ್ಯಾಲರಿ ಸರ್ಕಾರದ್ದು, ರೊಕ್ಕ ಕಂಪನಿದು: ಹಾಗಾದ್ರೆ ಊರಿನ ಜನ ಎಲ್ಲಿ?

ಹಾವೇರಿ ಜಿಲ್ಲೆಯ ಯಾವುದೇ ಊರಿನ ಗುಡಿಗೆ ಹೋಗಿ ತಲೆ ಎತ್ತಿ ನೋಡಿ, ಫ್ಯಾನಿನ ರೆಕ್ಕೆ ಮೇಲೆ ದಾನಿಗಳ ಹೆಸರು ಬರೆದಿರುತ್ತದೆ. ಟ್ಯೂಬ್‌ಲೈಟಿನ ಪಟ್ಟಿ ಮೇಲೆ ಒಬ್ಬರು, ಕಲ್ಲಿನ ಬೆಂಚಿನ ಮೇಲೆ ಇನ್ನೊಬ್ಬರು, ಗೇಟಿನ ಮೇಲೆ ಮತ್ತೊಬ್ಬರು. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಕೊಟ್ಟವರ ಹೆಸರು ಉಳಿಯಿತು, ಕೆಳಗೆ ಕೂತವರಿಗೆ ಗಾಳಿ ಬಂತು. ಆದರೆ ಫ್ಯಾನ್ ಕೊಟ್ಟವರು ನಾಳೆ ಬಂದು "ಸ್ವಿಚ್ಚೂ ನಮ್ಮ ಕೈಯಾಗ ಇರ್ಲಿ, ಗುಡಿ ಬಾಗಿಲು ಯಾವಾಗ ತೆಗೀಬೇಕು ಅನ್ನೋದನ್ನೂ ನಾವೇ ಹೇಳ್ತೀವಿ" ಅಂದರೆ? ಆಗ ಹಿರಿಯರು ಸಭೆ ಕೂಡಿಸಬೇಕಾಗುತ್ತದೆ.

ಸರ್ಕಾರಿ ಕಲಾ ಗ್ಯಾಲರಿಗಳ ವಿಚಾರದಲ್ಲಿ ಈಗ ನಡೆದಿರುವ ಚರ್ಚೆಯೂ ಇದೇ. ಸರ್ಕಾರಗಳ ಹತ್ತಿರ ಕಟ್ಟಡ ಇದೆ, ಸಂಗ್ರಹ ಇದೆ, ನಿರ್ವಹಣೆಗೆ ದುಡ್ಡು ಸಾಲದು. ಕಂಪನಿಗಳ ಹತ್ತಿರ ದುಡ್ಡಿದೆ, ಹೆಸರೂ ಬೇಕು. ಹಾಗಾಗಿ 'ದತ್ತು' ಅನ್ನೋ ಪದ ಹತ್ತು ವರ್ಷದಿಂದ ಚಾಲ್ತಿಗೆ ಬಂದಿದೆ. 2018ರಲ್ಲಿ ದಾಲ್ಮಿಯಾ ಭಾರತ್ ಕಂಪನಿ 5 ವರ್ಷಕ್ಕೆ 25 ಕೋಟಿ ರೂಪಾಯಿ ಖರ್ಚಿನ ಲೆಕ್ಕದಲ್ಲಿ ದೆಹಲಿಯ ಕೆಂಪುಕೋಟೆಯನ್ನು ದತ್ತು ಪಡೆದಾಗ ದೇಶದ ತುಂಬ ಗಲಾಟೆಯಾಯಿತು. 2023ರಲ್ಲಿ ಕೇಂದ್ರ ಸರ್ಕಾರ ಆ ಯೋಜನೆಯ ಎರಡನೇ ಆವೃತ್ತಿ ತಂದಿತು. ಕೋಟೆ, ಗುಡಿ, ವಸ್ತುಸಂಗ್ರಹಾಲಯ, ಗ್ಯಾಲರಿ, ಎಲ್ಲವೂ ಒಂದಲ್ಲ ಒಂದು ದಿನ ಈ ಸಾಲಿಗೆ ಬರುವಂಥವೇ. ಜಿಲ್ಲಾ ಕೇಂದ್ರಗಳ ರಂಗಮಂದಿರ, ತಾಲ್ಲೂಕಿನ ಭವನಗಳೂ ಬರಬಹುದು.

ಹೀಗಾದಾಗ ಏನೇನಾಗುತ್ತದೆ ಅಂತ ತಿಳಿಯೋಕೆ ದೆಹಲಿ ತನಕ ಹೋಗಬೇಕಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಆಗಿಹೋದ ಕಥೆಯೇ ಸಾಕು.

ವೆಂಕಟಪ್ಪ ಗ್ಯಾಲರಿಯಲ್ಲಿ ಆದದ್ದು

ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸರ್ಕಾರಿ ಮ್ಯೂಸಿಯಂ ಪಕ್ಕ ಇರುವುದು ವೆಂಕಟಪ್ಪ ಆರ್ಟ್ ಗ್ಯಾಲರಿ. ಮೈಸೂರಿನ ಕೆ. ವೆಂಕಟಪ್ಪ (1886–1965) ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದವರು. ಊಟಿಯ ಬೆಟ್ಟ, ಮಂಜು, ಮಳೆಯನ್ನು ಜಲವರ್ಣದಲ್ಲಿ ಬರೆದವರು, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ ಮಾಡಿದವರು, ವೀಣೆ ನುಡಿಸುತ್ತಿದ್ದವರು. ಅವರ ಕೃತಿಗಳು ಅಲ್ಲಿ ಕಾಯಂ ಆಗಿ ಇವೆ. ಉಳಿದ ಹಾಲ್‌ಗಳನ್ನು ಕಲಾವಿದರಿಗೆ ಕಡಿಮೆ ಬಾಡಿಗೆಗೆ ಕೊಡುತ್ತಿದ್ದರು.

ಈ ಕಡಿಮೆ ಬಾಡಿಗೆ ಅನ್ನೋದು ದೊಡ್ಡ ಮಾತು. ಬೆಂಗಳೂರಿನ ಖಾಸಗಿ ಗ್ಯಾಲರಿಯಲ್ಲಿ ಪ್ರದರ್ಶನ ಮಾಡಬೇಕಂದ್ರೆ ಗ್ಯಾಲರಿಯವರು ಕರೀಬೇಕು. ಕರೆದರೂ ಮಾರಾಟದಲ್ಲಿ ಅವರ ಪಾಲು ಇರುತ್ತದೆ. ಹೊಸಬರನ್ನ, ಹಳ್ಳಿ ಕಡೆಯವರನ್ನ ಅಷ್ಟು ಸುಲಭಕ್ಕೆ ಕರೆಯೋದಿಲ್ಲ. ಹೀಗಾಗಿ ಎಷ್ಟೋ ಕಲಾವಿದರ ಮೊದಲ ಪ್ರದರ್ಶನ ನಡೆದದ್ದು ವೆಂಕಟಪ್ಪ ಗ್ಯಾಲರಿಯಲ್ಲೇ. ಅವರಿಗೆ ಅದು ಎಪಿಎಂಸಿಯಲ್ಲಿ ರೈತನಿಗೆ ಸಿಗುವ ಕಟ್ಟೆ ಇದ್ದ ಹಾಗೆ. ಮಾಲು ತಂದು ಇಳಿಸಬಹುದು, ನಾಲ್ಕು ಜನ ನೋಡ್ತಾರೆ.

2015ರಲ್ಲಿ ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಡಿ ಈ ಗ್ಯಾಲರಿಯನ್ನು ಅಭಿವೃದ್ಧಿ ಮಾಡಿ ನಡೆಸಲು ತಸ್ವೀರ್ ಫೌಂಡೇಶನ್ ಜೊತೆ ಒಪ್ಪಂದವಾಯಿತು. ಅದರ ಹಿಂದಿದ್ದವರು ಉದ್ಯಮಿ, ಕಲಾ ಸಂಗ್ರಾಹಕ ಅಭಿಷೇಕ್ ಪೋದ್ದಾರ್. ದೊಡ್ಡ ಸಂಗ್ರಹ ಇದ್ದವರು, ಕಲೆ ಗೊತ್ತಿದ್ದವರು. ಆಧುನಿಕ ಮ್ಯೂಸಿಯಂ ಮಾಡ್ತೀವಿ ಅನ್ನೋದು ಅವರ ಯೋಜನೆ. ಗ್ಯಾಲರಿಯ ನಿರ್ವಹಣೆ ಚೆನ್ನಾಗಿರಲಿಲ್ಲ ಅನ್ನೋದೂ ನಿಜ. ಆಮೇಲೆ ವಿರೋಧ ಮಾಡಿದ ಕಲಾವಿದರೇ ಅದನ್ನ ಮೊದಲಿನಿಂದ ಹೇಳಿಕೊಂಡು ಬಂದಿದ್ದರು.

ಆದರೆ ಒಪ್ಪಂದದ ಸುದ್ದಿ ಕಲಾವಿದರಿಗೆ ಗೊತ್ತಾದದ್ದು ಸಹಿ ಬಿದ್ದ ಎಷ್ಟೋ ದಿನಗಳ ಮೇಲೆ. 2016ರ ಆರಂಭದ ಹೊತ್ತಿಗೆ ಗ್ಯಾಲರಿ ಮುಂದೆ ಪ್ರತಿಭಟನೆ ಶುರುವಾಯಿತು. ಹಿರಿಯರು, ಕಿರಿಯರು, ಚಿತ್ರಕಲಾ ವಿದ್ಯಾರ್ಥಿಗಳು ಒಂದು ವೇದಿಕೆ ಕಟ್ಟಿಕೊಂಡರು. ಘೋಷಣೆ ಕೂಗಿದರು, ಹಾಡಿದರು, ಅಲ್ಲೇ ಕೂತು ಚಿತ್ರ ಬರೆದರು. ಅವರ ಪ್ರಶ್ನೆ ಸರಳ: ಯಾರನ್ನ ಕೇಳಿ ಬರೆದುಕೊಟ್ಟಿರಿ? ಹಾಲ್ ಬಾಡಿಗೆ ಮುಂದೆ ಎಷ್ಟಾಗುತ್ತೆ, ಯಾರಿಗೆ ಸಿಗುತ್ತೆ, ಯಾರು ತೀರ್ಮಾನ ಮಾಡ್ತಾರೆ? ಇನ್ನೊಂದು ಕಡೆ, ಖಾಸಗಿಯವರು ಬಂದರೆ ಗ್ಯಾಲರಿಗೆ ಒಳ್ಳೇದೇ ಆಗುತ್ತೆ, ಸರ್ಕಾರ ಇಷ್ಟು ವರ್ಷ ಏನು ಮಾಡಿತು ಅಂತ ಕೇಳಿದವರೂ ಇದ್ದರು. ಆ ಮಾತನ್ನೂ ತಳ್ಳಿಹಾಕೋ ಹಾಗಿರಲಿಲ್ಲ.

ಕೊನೆಗೆ ಆ ಯೋಜನೆ ವೆಂಕಟಪ್ಪ ಗ್ಯಾಲರಿಯಲ್ಲಿ ನಡೆಯಲಿಲ್ಲ. ಬಹಳ ಜನ ಕಥೆಯನ್ನ ಇಲ್ಲಿಗೇ ನಿಲ್ಲಿಸಿ, ಕಲಾವಿದರು ಗೆದ್ದರು ಅಂತಾನೋ, ಅಭಿವೃದ್ಧಿಗೆ ಅಡ್ಡಿ ಬಂದರು ಅಂತಾನೋ ತೀರ್ಪು ಕೊಡುತ್ತಾರೆ. ತಿಳಿದುಕೊಳ್ಳಬೇಕಾದ್ದು ಇರೋದು ಮುಂದಿನ ಭಾಗದಲ್ಲಿ.

ಅದೇ ಪೋದ್ದಾರ್ ಅದೇ ಕಸ್ತೂರಬಾ ರಸ್ತೆಯಲ್ಲಿ ಸ್ವಂತ ಕಟ್ಟಡ ಕಟ್ಟಿಸಿದರು. 'ಮ್ಯಾಪ್' ಅಂತ ಕರೆಯುವ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆಯಿತು. ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರಿನಲ್ಲೇ, ಮೊಬೈಲಿನಲ್ಲಿ ನೋಡುವ ಡಿಜಿಟಲ್ ಮ್ಯೂಸಿಯಂ ಶುರು ಮಾಡಿದ್ದರು. ಒಳಗೆ ದಾನಿಗಳ ಹೆಸರು ಹೊತ್ತ ಹಾಲ್‌ಗಳಿವೆ. ಅದರ ಮುಂದೆ ಯಾವ ಧರಣಿಯೂ ನಡೆಯಲಿಲ್ಲ, ಹೆಸರು ಯಾಕೆ ಹಾಕಿದಿರಿ ಅಂತ ಯಾರೂ ಕೇಳಲಿಲ್ಲ.

ಅಂದರೆ ಜಗಳ ಇದ್ದದ್ದು ಶ್ರೀಮಂತರ ದುಡ್ಡಿನ ಮೇಲೂ ಅಲ್ಲ, ಹೆಸರಿನ ಮೇಲೂ ಅಲ್ಲ. ಊರಿನ ಆಸ್ತಿಯನ್ನ ಊರಿಗೆ ಹೇಳದೆ ಬರೆದುಕೊಟ್ಟದ್ದರ ಮೇಲೆ. ಮೊದಲೇ ಕಲಾವಿದರನ್ನ ಕೂಡಿಸಿ, ಕರಾರು ಓದಿ ಹೇಳಿ, ಬಾಡಿಗೆ ಹಾಲ್‌ಗಳನ್ನ ಹಾಗೇ ಬಿಡ್ತೀವಿ ಅಂತ ಬರವಣಿಗೆಯಲ್ಲಿ ಕೊಟ್ಟಿದ್ದರೆ ಆ ಹೊಸ ಮ್ಯೂಸಿಯಂ ಬಹುಶಃ ಸರ್ಕಾರಿ ಜಾಗದಲ್ಲೇ, ಎಲ್ಲರದ್ದಾಗಿಯೇ ಇರುತ್ತಿತ್ತು. ನಷ್ಟ ಆದದ್ದು ಸರ್ಕಾರಿ ಗ್ಯಾಲರಿಗೆ. ಇದರ ಹೊಣೆ ದಾನಿಗಿಂತ ಹೆಚ್ಚು ಸಹಿ ಹಾಕಿದ ಇಲಾಖೆಗಳ ಮೇಲಿದೆ.

ಹಾಗಂತ ಸರ್ಕಾರದ ಕೈಯಲ್ಲೇ ಇದ್ದರೆ ಎಲ್ಲಾ ಸರಿ ಅಂತಲೂ ಅಲ್ಲ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ. ಮುಂಬೈನಲ್ಲೂ ಅದರ ಶಾಖೆ ಇದೆ. ಎರಡೂ ಕಡೆ ಏನು ಪ್ರದರ್ಶಿಸಬೇಕು ಅಂತ ಸಲಹೆ ಕೊಡೋಕೆ ಸ್ಥಳೀಯ ಕಲಾವಿದರ ಸಮಿತಿಗಳಿದ್ದವು. 2019ರ ಫೆಬ್ರುವರಿಯಲ್ಲಿ ಮುಂಬೈ ಶಾಖೆಯ ಸಮಾರಂಭವೊಂದರಲ್ಲಿ ನಟ, ಚಿತ್ರಕಲಾವಿದ ಅಮೋಲ್ ಪಾಲೇಕರ್ ಈ ಸಮಿತಿಗಳನ್ನ ಕೈಬಿಟ್ಟದ್ದರ ಬಗ್ಗೆ ಮಾತಾಡೋಕೆ ಹೋದಾಗ ವೇದಿಕೆಯಲ್ಲೇ ಅವರನ್ನ ಮತ್ತೆ ಮತ್ತೆ ತಡೆದರು. ಅದರ ವಿಡಿಯೋ ದೇಶವೆಲ್ಲ ಓಡಾಡಿತು. (ಪಾಲೇಕರ್ ಕನ್ನಡಿಗರಿಗೆ ಹೊಸಬರಲ್ಲ, ಎಂ.ಎಸ್. ಸತ್ಯು ಅವರ 'ಕನ್ನೇಶ್ವರ ರಾಮ'ದಲ್ಲಿ ಅನಂತನಾಗ್ ಜೊತೆ ಇದ್ದವರು.) ಅಲ್ಲಿ ಕಂಪನಿಯೂ ಇರಲಿಲ್ಲ, ದತ್ತೂ ಇರಲಿಲ್ಲ. ಊರಿನವರನ್ನ ಕೇಳೋ ಪದ್ಧತಿ ಮಾತ್ರ ತಪ್ಪಿತ್ತು.

ಸಂತೆ ಮಾಡಿದರೆ ಜನ ಬರ್ತಾರೆ

"ನಮ್ಮ ಜನಕ್ಕೆ ಚಿತ್ರ ಗಿತ್ರ ಯಾರಿಗ್ ಬೇಕ್ರೀ" ಅನ್ನೋ ಮಾತು ಜಿಲ್ಲೆಯಲ್ಲಿ ಸಾಕಷ್ಟು ಕೇಳಿಬರುತ್ತದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಈ ಮಾತಿಗೆ ಉತ್ತರ. 2003ರಲ್ಲಿ ಶುರುವಾದದ್ದು. ವರ್ಷಕ್ಕೊಂದು ಭಾನುವಾರ, ಸಾಮಾನ್ಯವಾಗಿ ಜನವರಿಯಲ್ಲಿ, ಕುಮಾರಕೃಪಾ ರಸ್ತೆಯ ವಾಹನ ಸಂಚಾರ ನಿಲ್ಲಿಸಿ ಎರಡೂ ಬದಿಗೆ ಕಲಾವಿದರು ಚಿತ್ರ ಹರಡಿಕೊಂಡು ಕೂರುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಬೇರೆ ರಾಜ್ಯದವರೂ ಬರುತ್ತಾರೆ. ನೋಡೋ ಜನ ಲಕ್ಷಗಳಲ್ಲಿ. 'ಮನೆಗೊಂದು ಕಲಾಕೃತಿ' ಅನ್ನೋದು ಅದರ ಘೋಷಣೆ. ನೂರಿನ್ನೂರು ರೂಪಾಯಿ ಚಿತ್ರವೂ ಸಿಗುತ್ತೆ, ಲಕ್ಷದ್ದೂ ಸಿಗುತ್ತೆ. 2024ರಲ್ಲಿ ವಿಜ್ಞಾನಿಗಳಿಗೆ, 2025ರಲ್ಲಿ ಹೆಣ್ಣುಮಗುವಿಗೆ ಸಂತೆಯನ್ನ ಅರ್ಪಿಸಿದ್ದರು.

ಇಲ್ಲಿ ಗುಟ್ಟು 'ಸಂತೆ' ಅನ್ನೋ ಪದದಲ್ಲೇ ಇದೆ. ಗ್ಯಾಲರಿ ಅಂದ ಕೂಡಲೇ ಸಾಮಾನ್ಯ ಮನುಷ್ಯನಿಗೆ ಒಂಥರಾ ಅಂಜಿಕೆ. ಗಾಜಿನ ಬಾಗಿಲು, ತಣ್ಣಗಿನ ಹಾಲ್, ಇಂಗ್ಲಿಷ್ ಚೀಟಿ, ಮೂಲೆಯಲ್ಲಿ ಕೂತ ಕಾವಲುಗಾರ. ಚಪ್ಪಲಿ ಬಿಡಬೇಕಾ ಬೇಡವಾ ಅಂತಾನೂ ಗೊತ್ತಾಗೋದಿಲ್ಲ. ಸಂತೆಯಲ್ಲಿ ಹಾಗಿಲ್ಲ. ಬೆಲೆ ಕೇಳಬಹುದು, ಚೌಕಾಶಿ ಮಾಡಬಹುದು, ಕೊಳ್ಳದೇನೂ ಮುಂದೆ ಹೋಗಬಹುದು. ಬರೆದವರೇ ಎದುರಿಗೆ ಕೂತಿರೋದರಿಂದ "ಇದೇನ್ರೀ ಬರ್ದಿದ್ದು" ಅಂತ ಕೇಳೋಕೂ ಸಂಕೋಚ ಇಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಪರಿಷತ್ತಿನ ಇನ್ನೊಂದು ಪಾಠ ದಾನಿಗಳದ್ದು. 1960ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಮ್ಮ ಕಲಾಸಂಗ್ರಹವನ್ನ ಕೊಟ್ಟರು. ಅವರ ಹೆಸರು ಅಲ್ಲಿ ಉಳಿದಿದೆ, ಗ್ಯಾಲರಿ ಮಾತ್ರ ಪರಿಷತ್ತಿನದೇ. ಎಂ.ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ ತೊಗಲುಗೊಂಬೆಗಳೂ ಅದೇ ಆವರಣದಲ್ಲಿವೆ. ಫ್ಯಾನ್ ಮೇಲೆ ಹೆಸರು ದಾನಿಯದು, ಸ್ವಿಚ್ ಸಂಸ್ಥೆಯದು.

ಆದರೆ ಸಂತೆ ಒಂದು ದಿನದ್ದು. ಸೋಮವಾರ ಬೆಳಿಗ್ಗೆ ರಸ್ತೆ ಗುಡಿಸಿದರೆ ಮುಗಿಯಿತು. ಗ್ಯಾಲರಿ ವರ್ಷದ ಮುನ್ನೂರು ದಿನ ಬಾಗಿಲು ತೆಗೀಬೇಕು. ತೇವ ತಾಗದ ಹಾಗೆ ಚಿತ್ರ ಕಾಯಬೇಕು, ಗೆದ್ದಲು ನೋಡಬೇಕು, ಕರೆಂಟ್ ಬಿಲ್ ಕಟ್ಟಬೇಕು. ಸಂತೆಗೆ ಪ್ರಾಯೋಜಕರು ಸಿಗ್ತಾರೆ. ಕರೆಂಟ್ ಬಿಲ್ಲಿಗೆ ಪ್ರಾಯೋಜಕರು ಎಲ್ಲಿಂದ ಬರಬೇಕು?

ಉತ್ಸವ ದೊಡ್ಡದಾದಾಗ ಬರೋ ತೊಂದರೆಗೆ ಕೊಚ್ಚಿ ಉದಾಹರಣೆ. 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಝಿರಿಸ್ ಬಿನಾಲೆಗೆ ಕೇರಳ ಸರ್ಕಾರದ ದುಡ್ಡೂ ಇದೆ, ಕಂಪನಿಗಳದ್ದೂ ಇದೆ. ಅದು ನಡೆಯೋ ಮೂರ್ನಾಲ್ಕು ತಿಂಗಳು ಫೋರ್ಟ್ ಕೊಚ್ಚಿಯ ಹೋಮ್‌ಸ್ಟೇ, ಆಟೋ, ಚಹಾ ಅಂಗಡಿಗಳಿಗೆ ಸುಗ್ಗಿ. ಜನಪ್ರಿಯ ಹೌದು. ಆದರೆ 2018-19ರ ಆವೃತ್ತಿ ಮುಗಿದ ಮೇಲೆ ಕೆಲಸ ಮಾಡಿದ ಗುತ್ತಿಗೆದಾರರು ಬಾಕಿ ಬಂದಿಲ್ಲ ಅಂತ ಕಾನೂನು ನೋಟಿಸ್ ಕೊಡೋವರೆಗೂ ಹೋಯಿತು. ಬಿಲ್ಲಿನ ಮೊತ್ತವನ್ನ ಆಯೋಜಕರು ಒಪ್ಪಲಿಲ್ಲ. ಉತ್ಸವಕ್ಕೆ ಶಾಮಿಯಾನಾ, ಪ್ಲೈವುಡ್, ಬಣ್ಣ ಉದ್ರಿ ಕೊಟ್ಟು ಅನುಭವ ಇರೋ ಅಂಗಡಿಕಾರರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಕಾನೂನು ಏನು ಹೇಳುತ್ತೆ

ಕಂಪನಿಗಳು ಕಲೆಗೆ ದುಡ್ಡು ಕೊಡೋದು ಬರೀ ಪ್ರೀತಿಗಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ದಾಟಿದ ಕಂಪನಿ ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಅನ್ನೋದು. ಕಲೆ, ಸಂಸ್ಕೃತಿ, ಪರಂಪರೆಯ ರಕ್ಷಣೆ, ಸಾರ್ವಜನಿಕ ಗ್ರಂಥಾಲಯ, ಸಾಂಪ್ರದಾಯಿಕ ಕರಕುಶಲ ಇವೆಲ್ಲ ಆ ಪಟ್ಟಿಯಲ್ಲಿವೆ. ಕಂಪನಿ ಇರುವ ಪ್ರದೇಶಕ್ಕೇ ಮೊದಲ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತೆ. ಜಿಲ್ಲೆಯಲ್ಲಿ ಕಾರ್ಖಾನೆ ನಡೆಸೋ ದೊಡ್ಡ ಕಂಪನಿಗಳನ್ನ ಈ ಸಾಲು ತೋರಿಸಿ ಕೇಳಬಹುದು.

ಕೇಳೋವಾಗ ಎರಡು ಸಂಗತಿ ಗೊತ್ತಿರಬೇಕು. ತನ್ನ ಮಾಲಿನ ಪ್ರಚಾರಕ್ಕೆ ಅಂತ ಮಾಡಿದ ಪ್ರಾಯೋಜಕತ್ವವನ್ನ ಕಂಪನಿ ಸಿಎಸ್‌ಆರ್ ಲೆಕ್ಕಕ್ಕೆ ತೋರಿಸೋ ಹಾಗಿಲ್ಲ. 2021ರ ತಿದ್ದುಪಡಿ ನಿಯಮ ಇದನ್ನ ಬಿಡಿಸಿ ಹೇಳಿದೆ. ಹಾಗಾಗಿ ಗ್ಯಾಲರಿ ಗೋಡೆ ತುಂಬ ಕಂಪನಿ ಜಾಹೀರಾತು ಹಚ್ಚಿಸೋ ಶರತ್ತು ಬಂದರೆ, ಇದು ಸಿಎಸ್‌ಆರ್ ದುಡ್ಡೋ ಜಾಹೀರಾತಿನ ದುಡ್ಡೋ ಅಂತ ನೇರವಾಗಿ ಕೇಳಬಹುದು. ಜಾಹೀರಾತಿನದ್ದಾದರೆ ಅದರ ರೇಟೇ ಬೇರೆ. ಎರಡನೇದು, ನಿಯಮದಲ್ಲಿ ಮುಂದುವರಿಯೋ ಯೋಜನೆಗೂ ಅವಧಿ ಇದೆ. ಶುರುವಾದ ವರ್ಷ ಬಿಟ್ಟು 3 ವರ್ಷ. ಬಣ್ಣ ಬಳಿಸಿ, ಎಲ್‌ಇಡಿ ಹಾಕಿಸಿ, ಉದ್ಘಾಟನೆ ಕಲ್ಲು ನಿಲ್ಲಿಸೋಕೆ ಇಷ್ಟು ಸಾಕು. ನಾಲ್ಕೈದು ವರ್ಷ ಕಳೆದ ಮೇಲೆ ಕಾವಲುಗಾರನ ಪಗಾರ ಯಾರು ಕೊಡ್ತಾರೆ ಅನ್ನೋದನ್ನ ಕರಾರಿನಲ್ಲಿ ಮೊದಲೇ ಬರೆಸದಿದ್ದರೆ ಗ್ಯಾಲರಿಗೆ ಬೀಗ ಬೀಳುತ್ತೆ.

ಸಣ್ಣ ಅಂಗಡಿ, ದಲಾಲಿ ಅಂಗಡಿಗಳು ಈ ಕಾಯ್ದೆಯೊಳಗೆ ಬರೋದಿಲ್ಲ. ಅವರು ಕೊಡೋದು ಮನಸ್ಸಿನಿಂದ, ಇಲ್ಲಾ ಪಟ್ಟಿ ಎತ್ತೋರ ಮುಲಾಜಿಗೆ. 80ಜಿ ನೋಂದಣಿ ಇರುವ ಟ್ರಸ್ಟಿಗೆ ಕೊಟ್ಟರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತೆ ಅಂತ ಹೇಳ್ತಾರೆ. ಅದು ಹಳೇ ತೆರಿಗೆ ಪದ್ಧತಿಯಲ್ಲಿ ಇರೋರಿಗೆ ಮಾತ್ರ. ಅದರಲ್ಲೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗೋದಿಲ್ಲ, ಚೆಕ್ಕೋ ಆನ್‌ಲೈನೋ ಆಗಬೇಕು. ಹೊಸ ಪದ್ಧತಿಗೆ ಹೋದವರಿಗೆ ಆ ಲಾಭವೂ ಇಲ್ಲ.

ಗೊಟಗೋಡಿ ಹೇಳೋದು

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿ ಪಕ್ಕದ ಉತ್ಸವ ರಾಕ್ ಗಾರ್ಡನ್ ಗ್ಯಾಲರಿ ಅಂತ ಬೋರ್ಡ್ ಹಾಕಿಕೊಂಡಿಲ್ಲ. ದಿವಂಗತ ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸದು. ಖಾಸಗಿ, ಟಿಕೆಟ್ ಇದೆ. ಆದರೂ ಶಾಲಾ ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುತ್ತವೆ, ಮದುವೆಗೆ ಹೊರಟವರೂ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಯಾಕಂದ್ರೆ ಅಲ್ಲಿರೋದು ಅವರದ್ದೇ ಬದುಕು. ಕಮ್ಮಾರ, ನೇಕಾರ, ದನದ ಸಂತೆ, ಕಟ್ಟೆ ಮೇಲೆ ಕೂತ ಮುದುಕರು. ರಾಜ್‌ಕುಮಾರ್ ಪಾತ್ರಗಳ ಪ್ರತಿಮೆಗಳೂ ಇವೆ. ನಗರದ ವಿಮರ್ಶಕರು ಇದನ್ನ ಕಲೆ ಅಂತ ಒಪ್ಪುತ್ತಾರೋ ಇಲ್ಲವೋ, ಅಜ್ಜಿಯೊಬ್ಬರು ಬೀಸುಕಲ್ಲಿನ ಮುಂದೆ ನಿಂತು ಮೊಮ್ಮಗಳಿಗೆ ವಿವರಿಸುತ್ತಿದ್ದರೆ ಅಲ್ಲಿಗೆ ಗೈಡ್ ಬೇಕಾಗೋದಿಲ್ಲ. 2023ರ ಜನವರಿಯಲ್ಲಿ ಹಾವೇರಿಯ 86ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಸೇರಿದ ಜನರನ್ನ ಕಂಡವರು, ಈ ಭಾಗದಲ್ಲಿ ಸಂಸ್ಕೃತಿಗೆ ನೋಡುಗರಿಲ್ಲ ಅನ್ನೋದನ್ನ ಒಪ್ಪೋದು ಕಷ್ಟ.

ಇದರ ಪಕ್ಕ ಸರ್ಕಾರಿ ಗ್ಯಾಲರಿ, ಮ್ಯೂಸಿಯಂಗಳ ವೇಳಾಪಟ್ಟಿ ಇಟ್ಟು ನೋಡಿ. ಸಾಮಾನ್ಯವಾಗಿ ಬೆಳಿಗ್ಗೆ 10ಕ್ಕೆ ತೆಗೆದು ಸಂಜೆ 5ಕ್ಕೆ ಮುಚ್ಚುತ್ತವೆ. ಅಂಗಡಿಕಾರ ಗಲ್ಲಾ ಬಿಟ್ಟು ಏಳೋದು ರಾತ್ರಿ 9ಕ್ಕೆ. ಕೂಲಿಗೆ ಹೋದವರು ಬರೋದು ದೀಪ ಹಚ್ಚೋ ಹೊತ್ತಿಗೆ. ಶಾಲೆ ಬಿಡೋ ಹೊತ್ತಿಗೆ ಗ್ಯಾಲರಿಯೂ ಮುಚ್ಚೋ ತಯಾರಿಯಲ್ಲಿರುತ್ತೆ. ಹಾಗಾದರೆ ತೆರೆದಿರೋದು ಯಾರಿಗಾಗಿ? ವಾರದಲ್ಲಿ ಎರಡು ದಿನವಾದರೂ ಸಂಜೆ 5ರಿಂದ 8ರ ತನಕ ತೆಗೆಯೋಕೆ ಕೋಟಿಗಟ್ಟಲೆ ಸಿಎಸ್‌ಆರ್ ಬೇಕಿಲ್ಲ. ಒಬ್ಬ ಸಿಬ್ಬಂದಿಯ ಪಾಳಿ ಬದಲಾದರೆ ಸಾಕು. ಚಿತ್ರದ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಸೋಕೆ ತಾಲ್ಲೂಕಿನ ಡ್ರಾಯಿಂಗ್ ಮಾಸ್ತರರನ್ನ ಕರೆದರೆ ಆಗುತ್ತೆ.

ಇನ್ನು ಕರಾರಿನ ವಿಷಯ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಇಲಾಖೆಗಳು ಕೇಳುವ ಮೊದಲೇ ತಮ್ಮ ಮುಖ್ಯ ತೀರ್ಮಾನಗಳನ್ನ ಜನರಿಗೆ ತಿಳಿಸಬೇಕು. ನಾಳೆ ಜಿಲ್ಲೆಯ ಯಾವುದಾದರೂ ಭವನವನ್ನೋ, ಸಂಗ್ರಹಾಲಯವನ್ನೋ ಕಂಪನಿಗೆ ದತ್ತು ಕೊಡೋ ಮಾತು ಬಂದರೆ ಕರಾರಿನ ಕನ್ನಡ ಪ್ರತಿ ಸಹಿಗೆ ಮೊದಲೇ ಬಾಗಿಲಿಗೆ ಅಂಟಬೇಕು. ಹಾಲ್ ಬಾಡಿಗೆ ಎಷ್ಟು, ಸ್ಥಳೀಯರಿಗೆ ವರ್ಷಕ್ಕೆ ಎಷ್ಟು ದಿನ, ಸಮಿತಿಯಲ್ಲಿ ಊರಿನವರು ಎಷ್ಟು ಜನ, ಅವಧಿ ಮುಗಿದ ಮೇಲೆ ಸಾಮಾನು ಯಾರದು, ಇಷ್ಟಾದರೂ ಅದರಲ್ಲಿ ಇರಬೇಕು. ಜಾತ್ರೆ ಮುಗಿದ ಮೇಲೆ ಕಮಿಟಿಯವರು ಗುಡಿ ಮುಂದೆ ಕೂತು ಪಟ್ಟಿ ಕೊಟ್ಟವರ ಹೆಸರು, ಖರ್ಚು, ಉಳಿಕೆ ಓದಿ ಹೇಳ್ತಾರಲ್ಲ, ಹಾಗೆ ವರ್ಷಕ್ಕೊಮ್ಮೆ ಗ್ಯಾಲರಿಯ ಜಮಾ-ಖರ್ಚನ್ನೂ ಓದಲಿ. ಕೊಟ್ಟ ಕಂಪನಿಯವರೂ ಅವತ್ತು ಬಂದು ಚಾಪೆ ಮೇಲೆ ಕೂರಲಿ, ಚಹಾ ಖರ್ಚು ಅಂಗಡಿಕಾರರ ಸಂಘ ನೋಡಿಕೊಳ್ಳಬಹುದು.